ಮೀನುಗಾರಿಕೆ ದೋಣಿಗಳ ಜಾಡು ಮತ್ತು ಲೆಕ್ಕ

ಸರಕಿನ ಲಾರಿ ಎಲ್ಲಿದೆಯೆಂದು ಜಿಪಿಎಸ್ ಮೂಲಕ ತಿಳಿಯುವ ಪದ್ಧತಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ವರ್ತಕರಿಗೆ ಹೊಸದಲ್ಲ. ಅದೇ ತತ್ತ್ವ ಈಗ ಕಡಲ ಮೀನುಗಾರಿಕೆಗೂ ಅನ್ವಯವಾಗುತ್ತಿದೆ.

ಇದರ ಅಗತ್ಯವನ್ನು ಮನಗಾಣಿಸಿದ ಘಟನೆ ನಮ್ಮ ಕರಾವಳಿಯದೇ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿಯು ಏಳು ಮೀನುಗಾರರೊಡನೆ ಕಣ್ಮರೆಯಾಯಿತು. ನೌಕಾಪಡೆಗೆ ಅದರ ಅವಶೇಷ ದೊರೆತದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲವಣ ಬಳಿಯ ಸಮುದ್ರದಲ್ಲಿ.

ತೀರದಿಂದ ದೂರ ಸಾಗಿದಂತೆ ಮೊಬೈಲ್ ಸಂಪರ್ಕ ಕಡಿದುಹೋಗುತ್ತದೆ. ಈ ಕೊರತೆ ನೀಗಲು, ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ 1 ಲಕ್ಷ ದೋಣಿಗಳಿಗೆ ಉಚಿತವಾಗಿ ಟ್ರಾನ್ಸ್‌ಪಾಂಡರ್ ಅಳವಡಿಸುವ 364 ಕೋಟಿ ರೂಪಾಯಿಗಳ ಕಾರ್ಯಕ್ರಮಕ್ಕೆ 2024ರ ಆಗಸ್ಟ್ 30ರಂದು ಚಾಲನೆ ದೊರೆಯಿತು. ಇಸ್ರೋ ರೂಪಿಸಿದ ಈ ಸಾಧನವು ದೋಣಿಯ ಸ್ಥಾನವನ್ನೂ ಆಪತ್ತಿನ ಕರೆಯನ್ನೂ ಉಪಗ್ರಹದ ಮೂಲಕ ದಡಕ್ಕೆ ತಲುಪಿಸುತ್ತದೆ. ಹವಾಮಾನ ಮತ್ತು ಗಡಿ ಕುರಿತ ಎಚ್ಚರಿಕೆಗಳನ್ನು ದೋಣಿಗೆ ಮುಟ್ಟಿಸುತ್ತದೆ.

ಮೇಲ್ವಿಚಾರಣೆಗೂ ಇದು ಸಾಧನವಾಗಬಲ್ಲದು. ಬಲೆ ಎಳೆಯುವಾಗ ದೋಣಿಯ ವೇಗ ತಗ್ಗುವುದರಿಂದ, ಮೀನು ಹಿಡಿದ ಸ್ಥಳವನ್ನು ಜಾಡಿನಿಂದ ಊಹಿಸಬಹುದು. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧದ ಉಲ್ಲಂಘನೆಯೂ ಗೋಚರಿಸೀತು.

ಆದರೆ ಲಾರಿಯ ಜಿಪಿಎಸ್ ದಾಸ್ತಾನು ಪುಸ್ತಕವಾಗದು. ದೋಣಿಯ ಜಾಡು ಸಹ ಬಲೆಗೆ ಬಿದ್ದ ಮೀನಿನ ಜಾತಿ, ತೂಕಗಳನ್ನು ಹೇಳದು. ಸಾಧನ ಸ್ಥಗಿತಗೊಂಡರೆ ಅದೂ ಇಲ್ಲ. ಐರೋಪ್ಯ ಒಕ್ಕೂಟವು 2010ರಿಂದ ಆಮದು ಮೀನಿಗೆ, ಅದು ಕಾನೂನುಬದ್ಧವಾಗಿ ಹಿಡಿದದ್ದೆಂಬ ಪ್ರಮಾಣಪತ್ರ ಕೇಳುತ್ತಿದೆ. ಆದುದರಿಂದ ಜಾಡು, ಬಂದರಿನ ತೂಕದ ದಾಖಲೆ, ಮಾರಾಟದ ಬಿಲ್ಲು, ಈ ಮೂರೂ ತಾಳೆಯಾದಾಗಲೇ ಅದು ನಂಬಲರ್ಹ ಲೆಕ್ಕವೆನಿಸುತ್ತದೆ.