ಧರ್ಮದೇಟಿನಲ್ಲಿ ಧರ್ಮ ಎಲ್ಲಿದೆ ಸ್ವಾಮಿ?

ಹಿರಿಯೂರಿನಲ್ಲಿ ಜೇಬುಗಳ್ಳ ಸಿಕ್ಕಿಬಿದ್ದರೂ ಅಷ್ಟೆ, ಹೊಸದುರ್ಗ, ಹೊಳಲ್ಕೆರೆ ಕಡೆ ಸರಗಳ್ಳ ಸಿಕ್ಕಿಬಿದ್ದರೂ ಅಷ್ಟೆ. ಪೇಪರಿನಲ್ಲಿ ಬರುವುದು ಒಂದೇ ತಲೆಬರಹ: ‘ಸಾರ್ವಜನಿಕರಿಂದ ಧರ್ಮದೇಟು’. ಓದಿದವರು ಭೇಷ್ ಅಂತಾರೆ. ಹೊಡೆದವರು ಯಾರು ಅಂತ ಯಾರೂ ಕೇಳಲ್ಲ.

ಈ ಧರ್ಮ ಯಾವುದು? ನ್ಯಾಯ-ನೀತಿಯ ಧರ್ಮ ಅಂತ ತಿಳಿದವರೇ ಜಾಸ್ತಿ. ಆದರೆ ನಮ್ಮ ಆಡುಮಾತಿನಲ್ಲಿ ‘ಧರ್ಮಕ್ಕೆ ಸಿಕ್ತು’ ಅಂದರೆ ಪುಕ್ಕಟೆ ಸಿಕ್ತು ಅಂತ. ಧರ್ಮಛತ್ರಕ್ಕೆ ಬಾಡಿಗೆಯಿಲ್ಲ, ಧರ್ಮಾಸ್ಪತ್ರೆಗೆ ಫೀಜಿಲ್ಲ. ಹಾಗೆ ನೋಡಿದರೆ ಧರ್ಮದೇಟು ಅಂದರೆ ಕೇಳೋರಿಲ್ಲದ ಬಿಟ್ಟಿ ಏಟು!

ಇದರ ತಮ್ಮನೇ ‘ನೈತಿಕ ಪೊಲೀಸ್‌ಗಿರಿ’. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದಾಗ ಈ ಮಾತು ಮನೆಮನೆಗೂ ಬಂತು. ದಾದಾಗಿರಿ, ಗೂಂಡಾಗಿರಿಗಳ ಸಾಲಿನ ಈ ‘ಗಿರಿ’ಗೆ ನೀತಿಯ ಪೇಟ ಬೇರೆ! ಕೆಲವರು ‘ಅನೈತಿಕ’ ಅಂತ ತಿದ್ದಿಕೊಂಡರು. ‘ಪೊಲೀಸ್’ ಮಾತ್ರ ಹಾಗೇ ಉಳೀತು.

ಬಿಟ್ಟಿ ಏಟಿಗೂ ಬೆಲೆ ತೆರುವವರು ಇದ್ದಾರೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ಗಾಳಿಮಾತು ನಂಬಿದ ಗುಂಪು ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಅವರು ಕಳ್ಳರಲ್ಲ. ನಾಲ್ಕೇ ದಿನಕ್ಕೆ, ಯಾರೂ ಕಾನೂನನ್ನು ಕೈಗೆ ತಗೊಳ್ಳಬಾರದು ಅಂತ ಸುಪ್ರೀಂ ಕೋರ್ಟು ಹೇಳಿತು.

ಬೀದರ್ ದೂರ ಅನ್ನಬೇಡಿ. 2024ರ ಜೂನ್ 8ರಂದು ನಮ್ಮ ದುರ್ಗದಿಂದಲೇ ಔಷಧಿ ಅಂಗಡಿಯ ನೌಕರನೊಬ್ಬನನ್ನು ಬೆಂಗಳೂರಿಗೆ ಕರೆದೊಯ್ದು ಕೊಂದರು ಅನ್ನೋದು ಪೊಲೀಸರ ಆರೋಪ. ಕೆಟ್ಟ ಮೆಸೇಜು ಕಳಿಸಿದ್ದಕ್ಕೆ ಬುದ್ಧಿ ಕಲಿಸಲು ಹೋದರಂತೆ. ನಟ ದರ್ಶನ್ ಸೇರಿ 17 ಮಂದಿ ಆರೋಪಿಗಳು. ತಪ್ಪು ಯಾರದೆಂದು ಹೇಳಬೇಕಾದ್ದು ಕೋರ್ಟು. ಆದರೆ ಮೆಸೇಜು ಕಳಿಸಿದ್ದು ನಿಜವೇ ಇದ್ದರೂ ಅದಕ್ಕೆ ಠಾಣೆ ಇತ್ತು, ಕಾನೂನಿತ್ತು. ಮನೆಯಲ್ಲಿ ಗರ್ಭಿಣಿ ಹೆಂಡತಿ ಇದ್ದಳು.

ಹಾಗಾದರೆ ಕಳ್ಳನನ್ನು ಬಿಟ್ಟುಬಿಡೋದಾ? ಬೇಡ, ಹಿಡೀರಿ. ಕಣ್ಣೆದುರೇ ಜಾಮೀನಿಲ್ಲದ ಗಂಭೀರ ಅಪರಾಧ ನಡೆದರೆ ಯಾರು ಬೇಕಾದರೂ ಹಿಡಿಯಬಹುದು ಅಂತ ಕಾನೂನೇ ಹೇಳುತ್ತೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ನೋಡಿ. ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟಿ ಬಾರಿಸಿ ಅಂತ ಅದರಲ್ಲಿಲ್ಲ. 112ಕ್ಕೆ ಒಂದು ಫೋನ್ ಸಾಕು.

ನಮ್ಮ ಪೇಪರಿನವರಿಗೂ ಒಂದು ಮಾತು. ಗುಂಪು ಕೂಡಿ ಒಬ್ಬನಿಗೆ ಹೊಡೆಯೋದಕ್ಕೆ ಕನ್ನಡದಲ್ಲಿ ‘ಹಲ್ಲೆ’ ಅನ್ನೋ ಸರಿಯಾದ ಪದ ಇದೆ. ತಲೆಬರಹದಲ್ಲಿ ಎರಡೇ ಅಕ್ಷರ, ಜಾಗವೂ ಉಳಿಯುತ್ತೆ.