ಕಾಣಿಕೆಯ ಹೆಜ್ಜೆ: ನೃತ್ಯವೋ, ಪ್ರಾರ್ಥನೆಯೋ?

ದೇವಾಲಯದ ಹಬ್ಬ ಸಮೀಪಿಸಿದಾಗ ಅನೇಕ ಧರ್ಮಕೇಂದ್ರಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ. ದಿವ್ಯ ಬಲಿಪೂಜೆಯ ಕಾಣಿಕೆ ಅರ್ಪಣೆಯ ವೇಳೆ ನಮ್ಮ ಮಕ್ಕಳು ನೃತ್ಯದ ಹೆಜ್ಜೆ ಹಾಕುತ್ತ ಬಲಿಪೀಠದೆಡೆಗೆ ಸಾಗಬಹುದೇ? ಕಿರಿಯರು ಬಯಸುತ್ತಾರೆ, ಹಿರಿಯರಲ್ಲಿ ಕೆಲವರು ಹುಬ್ಬುಗಂಟಿಕ್ಕುತ್ತಾರೆ. ಇದನ್ನು ಭಕ್ತಿಯ ಹೆಚ್ಚು ಕಡಿಮೆಯೆಂದು ಎಣಿಸುವುದು ಸಲ್ಲದು. ಈ ಭಿನ್ನಾಭಿಪ್ರಾಯದ ಬೇರು ನಾವು ಬೆಳೆದ ಸಂಸ್ಕೃತಿಯಲ್ಲಿದೆ.

ಪವಿತ್ರ ಗ್ರಂಥದಲ್ಲಿಯೇ ಎರಡೂ ನೋಟಗಳಿವೆ. ದೇವಮಂಜೂಷದ ಮುಂದೆ ಅರಸ ದಾವೀದನು ಮೈಮರೆತು ಕುಣಿದನು. ಕಿಟಕಿಯಿಂದ ಕಂಡ ಮಡದಿ ಮೀಕಲಳಿಗೆ ಅದು ರಾಜಗೌರವಕ್ಕೆ ಕುಂದಾಗಿ ತೋರಿತು.

ಧರ್ಮಸಭೆಯೂ ಎಲ್ಲ ನಾಡುಗಳಿಗೆ ಒಂದೇ ಉತ್ತರ ನೀಡಿಲ್ಲ. ಪಾಶ್ಚಾತ್ಯರಲ್ಲಿ ನೃತ್ಯವು ಪ್ರಣಯ ಮತ್ತು ಮನರಂಜನೆಗಳೊಡನೆ ಬೆಸೆದಿರುವುದರಿಂದ ಅಲ್ಲಿನ ಆರಾಧನೆಯೊಳಗೆ ಅದನ್ನು ತರಲಾಗದೆಂದು 1975ರಲ್ಲಿ ರೋಮಿನಿಂದ ಹೊರಟ ವಿವರಣೆಯೊಂದು ತಿಳಿಸಿತು. ನೃತ್ಯವೇ ಭಕ್ತಿಯ ಭಾಷೆಯಾಗಿರುವ ಜನಾಂಗಗಳ ಮಾತು ಬೇರೆ ಎಂದೂ ಅದು ಒಪ್ಪಿತು. ಇಥಿಯೋಪಿಯದ ಕ್ರೈಸ್ತರು ಮದ್ದಳೆಯ ನಾದಕ್ಕೆ ಹೆಜ್ಜೆಯಿಡುತ್ತ ದೇವರನ್ನು ಸ್ತುತಿಸುತ್ತಾರೆ. ಅಂದಿನ ಜಾಯಿರ್ ದೇಶದ ಬಲಿಪೂಜಾ ವಿಧಿಗೆ 1988ರಲ್ಲಿ ರೋಮ್ ಮನ್ನಣೆ ನೀಡಿತು. ಅಲ್ಲಿ ಮಹಿಮಾಗೀತೆಯ ವೇಳೆ ಬಲಿಪೀಠದ ಸುತ್ತ ನರ್ತನವುಂಟು. ಯೂರೋಪಿನಲ್ಲಿಯೂ ಸ್ಪೇನಿನ ಸೆವಿಲ್ ನಗರದ ಪ್ರಧಾನಾಲಯದಲ್ಲಿ ಬಾಲಕರು ಪರಮಪ್ರಸಾದದ ಮುಂದೆ ನರ್ತಿಸುವ ವಾಡಿಕೆ ಶತಮಾನಗಳಿಂದ ನಡೆದುಬಂದಿದೆ. 1994ರ ರೋಮನ್ ಸೂಚನೆಯು ಅಳತೆಗೋಲನ್ನು ಸ್ಪಷ್ಟಪಡಿಸಿತು: ಅದು ಸಮುದಾಯದ ನಿಜವಾದ ಪ್ರಾರ್ಥನೆಯಾಗಿರಬೇಕು, ಪ್ರದರ್ಶನವಾಗಬಾರದು.

ನಮ್ಮ ದೇಶದ ಮಾತೇನು? 1969ರಲ್ಲಿ ಭಾರತಕ್ಕೆಂದು ಅನುಮತಿಸಲಾದ 12 ಅಳವಡಿಕೆಗಳಲ್ಲಿ ಅಂಜಲಿ, ಪಂಚಾಂಗ ಪ್ರಣಾಮ, ಆರತಿಗಳಿದ್ದವು, ನೃತ್ಯದ ಹೆಸರಿರಲಿಲ್ಲ. ಮುಂದೆ ಫ್ರಾನ್ಸಿಸ್ ಬಾರ್ಬೋಜಾ ಅವರು ಭರತನಾಟ್ಯದಲ್ಲಿ ಕ್ರೈಸ್ತ ಭಾವಗಳಿಗೆ ಮುದ್ರೆಗಳನ್ನು ರೂಪಿಸಿದರು. ಆದರೆ ಭರತನಾಟ್ಯದ ಕಥೆಯೇ ನಮಗೊಂದು ಪಾಠ. ದೇವದಾಸಿಯರ ಸೊತ್ತಾಗಿದ್ದ ಆ ಕಲೆಯನ್ನು ಕೀಳಾಗಿ ಕಂಡ ಸಮಾಜವೇ, ರುಕ್ಮಿಣಿದೇವಿ ಅರುಂಡೇಲ್ ಅವರು 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದ ಬಳಿಕ, ತನ್ನ ಹೆಣ್ಣುಮಕ್ಕಳನ್ನು ಅದರ ಕಲಿಕೆಗೆ ಹೆಮ್ಮೆಯಿಂದ ಕಳುಹಿಸತೊಡಗಿತು. ಬದಲಾದದ್ದು ಹೆಜ್ಜೆಗಿಂತ ಹೆಚ್ಚಾಗಿ ನೋಡುವ ಕಣ್ಣು.

ಎಮ್ಮೆದೊಡ್ಡಿಯಂಥ ಕಡೂರು ಸೀಮೆಯ ಊರುಗಳಲ್ಲಿ ಕುಣಿತವು ದೇವರಿಗೆ ಸಲ್ಲುವುದೆಂಬುದು ಹೊಸ ಮಾತಲ್ಲ. ವೀರಗಾಸೆಯು ವೀರಭದ್ರನ ಸೇವೆ. ಡೊಳ್ಳು ಬೀರೇಶ್ವರನ ಭಕ್ತರ ಹೆಮ್ಮೆ. ಅವು ನೆರೆಯವರ ಪಾಲಿಗೆ ಪೂಜೆಯೇ ಆಗಿರುವುದರಿಂದ, ಬರಿಯ ವೇಷವೆಂದು ಎತ್ತಿಕೊಳ್ಳುವುದು ಅವರಿಗೂ ಗೌರವವಲ್ಲ, ನಮಗೂ ಅಲ್ಲ. ಸುಗ್ಗಿ, ಹಬ್ಬಗಳ ಸಂತಸದಲ್ಲಿ ಎಲ್ಲರೂ ಆಡುವ ಕೋಲಾಟಕ್ಕೆ ಈ ತೊಡಕು ಕಡಿಮೆ. ತಮಟೆಯ ವಿಷಯ ಇನ್ನೂ ಸೂಕ್ಷ್ಮ. ಸಾವಿಗೆ, ಸಾರುವುದಕ್ಕೆ ದಲಿತರಿಂದ ಬಲವಂತವಾಗಿ ಬಾರಿಸಿದ ವಾದ್ಯವದು. ಅದರ ಸದ್ದಿನಲ್ಲಿ ಅಜ್ಜನಿಗೆ ಅಪಮಾನ ನೆನಪಾದರೆ, ಮೊಮ್ಮಗನಿಗೆ ಸ್ವಾಭಿಮಾನ ಕೇಳಿಸಬಹುದು. ಭಾರತೀಯತೆಯೆಂದರೆ ಶಾಸ್ತ್ರೀಯ ಕಲೆ ಮಾತ್ರವೆಂದು ತಿಳಿದು ಈ ಕುಟುಂಬಗಳ ದನಿಯನ್ನು ಮರೆತರೆ, ದೇವರ ಮನೆಯಲ್ಲಿಯೂ ಜಾತಿಯ ಮೇಲುಕೀಳು ಉಳಿದಂತೆಯೇ ಸರಿ.

ಆದುದರಿಂದ ಹಬ್ಬದ ಸಿದ್ಧತೆಗೆ ಮೊದಲೇ ವಿಚಾರಣಾ ಗುರುಗಳೊಡನೆ ಹಿರಿಯರು, ಯುವಜನರು, ಎಲ್ಲ ಕೇರಿಗಳ ಕುಟುಂಬದವರು ಒಟ್ಟಿಗೆ ಕುಳಿತು ಮಾತನಾಡುವುದು ಲೇಸು. ಧರ್ಮಾಧ್ಯಕ್ಷರ ಮಾರ್ಗದರ್ಶನಕ್ಕೆ ಒಳಪಟ್ಟು, ಸಿನಿಮಾ ಕುಣಿತದ ನೆರಳು ಬೀಳದಂತೆ, ಎಲ್ಲರಿಗೂ ಪ್ರಾರ್ಥನೆಯೆನಿಸುವ ಹೆಜ್ಜೆಯನ್ನು ಆರಿಸಿಕೊಳ್ಳಲಿ. ಯಾರೊಬ್ಬರ ಮನಸ್ಸು ನೋಯುವಂತಿದ್ದರೂ ಆ ವರ್ಷ ನೃತ್ಯವು ಪೂಜೆಯ ನಂತರದ ಅಂಗಳದಲ್ಲಿ ನಡೆಯಲಿ. ಮುಂದಿನ ವರ್ಷಕ್ಕೆ ಮಾತುಕತೆ ಮುಂದುವರಿಯಲಿ.