ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಾನ ಹಕ್ಕು

ಹಿನ್ನೆಲೆ
ಹಿಂದೂ ಉತ್ತರಾಧಿಕಾರ ಅಧಿನಿಯಮ, 1956ರ ಮೂಲ ಉಪಬಂಧಗಳಂತೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಜನ್ಮತಃ ಹಕ್ಕು ಗಂಡುಮಕ್ಕಳಿಗೆ ಮಾತ್ರ ಇತ್ತು. ಅದಕ್ಕೂ ಮೊದಲೇ ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಮಹಿಳೆಯರ ಹಕ್ಕುಗಳಿಗಾಗಿ ಪ್ರತ್ಯೇಕ ಕಾನೂನನ್ನು ರಚಿಸಿತ್ತು. ಬಳಿಕ ಕರ್ನಾಟಕ ಸರ್ಕಾರವು 1956ರ ಅಧಿನಿಯಮಕ್ಕೆ ತಿದ್ದುಪಡಿ ತಂದು, ದಿನಾಂಕ 30-7-1994ರಿಂದ ಮಗಳನ್ನೂ ಮಗನಂತೆಯೇ ಸಹದಾಯಾದಿ ಎಂದು ಪರಿಗಣಿಸಿತು. ಆದರೆ ಆ ದಿನಾಂಕಕ್ಕೆ ಮುಂಚೆ ವಿವಾಹವಾದವರಿಗೆ ಈ ಸೌಲಭ್ಯ ದೊರೆತಿರಲಿಲ್ಲ.

ಪ್ರಸ್ತುತ ಕಾನೂನು
ದಿನಾಂಕ 9-9-2005ರಿಂದ ಜಾರಿಗೆ ಬಂದ ಕೇಂದ್ರ ತಿದ್ದುಪಡಿಯು ಈ ಹಕ್ಕನ್ನು ದೇಶದಾದ್ಯಂತ ವಿಸ್ತರಿಸಿತು. ವಿವಾಹಿತೆ, ಅವಿವಾಹಿತೆ ಎಂಬ ಭೇದವೂ ಹೋಯಿತು. ಅಂದು ತಂದೆ ಜೀವಂತವಾಗಿರಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ವಿನೀತಾ ಶರ್ಮಾ ಪ್ರಕರಣದಲ್ಲಿ ದಿನಾಂಕ 11-8-2020ರಂದು ತೀರ್ಪು ನೀಡಿದೆ.

ಗಮನಿಸಬೇಕಾದ ಮಿತಿಗಳು
1. ದಿನಾಂಕ 20-12-2004ಕ್ಕೆ ಮುಂಚೆ ಕ್ರಮಬದ್ಧವಾಗಿ ಆದ ವಿಭಾಗ ಅಥವಾ ಪರಭಾರೆಗೆ ಬಾಧೆ ಇರುವುದಿಲ್ಲ. ಬಾಯಿಮಾತಿನ ವಿಭಾಗವಾಗಿದೆ ಎಂಬ ವಾದವನ್ನು ಸಾಮಾನ್ಯವಾಗಿ ಒಪ್ಪಲಾಗುವುದಿಲ್ಲ.
2. ತಂದೆಯ ಸ್ವಯಾರ್ಜಿತ ಆಸ್ತಿಯನ್ನು ಅವರು ಉಯಿಲಿನ ಮೂಲಕ ಇಚ್ಛಿಸಿದವರಿಗೆ ನೀಡಬಹುದು. ಉಯಿಲು ಇಲ್ಲದಿದ್ದಲ್ಲಿ ಮಗ ಮತ್ತು ಮಗಳಿಗೆ ಸಮಪಾಲು ಸಲ್ಲುತ್ತದೆ. ತಂದೆಯ ಪತ್ನಿ ಹಾಗೂ ತಾಯಿ ಜೀವಂತವಿದ್ದಲ್ಲಿ ಅವರಿಗೂ ಪಾಲಿರುತ್ತದೆ.
3. ಈ ಅಧಿನಿಯಮವು ಹಿಂದೂ, ಬೌದ್ಧ, ಜೈನ ಮತ್ತು ಸಿಖ್ಖರಿಗೆ ಅನ್ವಯಿಸುತ್ತದೆ. ಕೇಂದ್ರ ಸರ್ಕಾರವು ಅಧಿಸೂಚಿಸಿದ ಹೊರತು ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲ.

ಅರ್ಜಿದಾರರಿಗೆ ಸೂಚನೆ
ತಂದೆಯ ಮರಣಾನಂತರ ಪೌತಿ ಖಾತೆಗೆ ಅರ್ಜಿ ಸಲ್ಲಿಸುವಾಗ ವಂಶವೃಕ್ಷದಲ್ಲಿ ವಿವಾಹಿತ ಹೆಣ್ಣುಮಕ್ಕಳ ಹೆಸರನ್ನೂ ತಪ್ಪದೆ ನಮೂದಿಸಬೇಕು. ಹೆಸರು ಬಿಟ್ಟುಹೋಗಿದ್ದಲ್ಲಿ, ನೋಟೀಸಿನಲ್ಲಿ ತಿಳಿಸಿದ ಅವಧಿಯೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಪಹಣಿಯಲ್ಲಿ ಹೆಸರಿಲ್ಲವೆಂಬ ಮಾತ್ರಕ್ಕೆ ಹಕ್ಕು ನಷ್ಟವಾಗುವುದಿಲ್ಲ. ಪಾಲಿನ ಬಗ್ಗೆ ವಿವಾದವಿದ್ದಲ್ಲಿ ಸಿವಿಲ್ ನ್ಯಾಯಾಲಯವೇ ಅದನ್ನು ತೀರ್ಮಾನಿಸುತ್ತದೆ.

ಆದರೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ನೋಂದಾಯಿಸಿದ ನಂತರ ಪಾಲನ್ನು ಮರಳಿ ಪಡೆಯುವುದು ಕಷ್ಟಸಾಧ್ಯ. ಆದ್ದರಿಂದ ಯಾವುದೇ ಪತ್ರವನ್ನು ಪೂರ್ಣವಾಗಿ ಓದಿಸಿ, ಅರ್ಥ ತಿಳಿದ ಬಳಿಕವೇ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕತಕ್ಕದ್ದು.

ಉಚಿತ ಕಾನೂನು ನೆರವು
ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಮೇರೆಗೆ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರಾಗಿರುತ್ತಾರೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಸಹಾಯವಾಣಿ ಸಂಖ್ಯೆ: 15100.